ಉಳಿಸಿಟ್ಟ ರಜೆ, ಕಂಪನಿಗೆ ಕೊಟ್ಟ ಕೈಗಡ

ಕೆಲಸ ಬಿಡುವಾಗ ಉಳಿದ ರಜೆಯ ದುಡ್ಡು ಕೈಗೆ ಬರುತ್ತದಾ ಅನ್ನುವುದು ಇವತ್ತಿನ ಮಾತು. ಟೈಮ್ ಆಫೀಸಿನಿಂದ ಶುರು ಮಾಡುತ್ತೇನೆ. ಪೀಣ್ಯದ ಒಂದು ಕಾರ್ಖಾನೆಯ ಗೇಟಿನ ಪಕ್ಕ ಹತ್ತಡಿ ಅಗಲದ ರೂಮು. ಅಲ್ಲಿ ನಾನು 19 ವರ್ಷ ಕೂತಿದ್ದೆ. ಹಾಜರಿ, ಓಟಿ, ರಜೆ ಎಲ್ಲದರ ಲೆಕ್ಕ ಅಲ್ಲೇ. ಪ್ರತಿಯೊಬ್ಬರಿಗೂ ಒಂದು ಹಳದಿ ರಟ್ಟಿನ ಲೀವ್ ಕಾರ್ಡ್. ವರ್ಷದ ಕೊನೆಗೆ ಅವನ್ನೆಲ್ಲ ಹರಡಿಕೊಂಡು ಯಾರಿಗೆ ಎಷ್ಟು ಇಎಲ್, ಅಂದರೆ ದುಡಿದು ಗಳಿಸಿದ ಸಂಬಳದ ರಜೆ, ಉಳಿದಿದೆ ಅಂತ ಕೆಂಪು ಇಂಕಿನಲ್ಲಿ ಬರೆಯುವುದು ನನ್ನ ಕೆಲಸ.

ಆ ಕೆಂಪು ಅಂಕಿ ನೋಡಲು ಜನ ಸಾಲು ನಿಲ್ಲುತ್ತಿದ್ದರು. ಲೇತ್ ಸೆಕ್ಷನ್ನಿನಲ್ಲಿ ಒಬ್ಬರು ಹಿರಿಯರಿದ್ದರು. ಕಾರ್ಡು ಕೈಗೆ ಬಂದ ತಕ್ಷಣ ಪಕ್ಕದವನಿಗೆ ತೋರಿಸುತ್ತಿದ್ದರು. "ನೋಡಪ್ಪಾ, ಮಗಳ ಮದುವೆಗೂ ನಾಲ್ಕೇ ದಿನ ರಜಾ ಹಾಕಿದ್ದು. ಮಿಕ್ಕಿದ್ದೆಲ್ಲ ಹಂಗೇ ಐತೆ." ರಜೆ ಹಾಕದೆ ಇರುವುದೇ ಒಂದು ದೊಡ್ಡಸ್ತಿಕೆ. ಬ್ಯಾಂಕಿನಲ್ಲಿಟ್ಟ ದುಡ್ಡಿದ್ದ ಹಾಗೆ ಅಂತ ಎಲ್ಲರ ನಂಬಿಕೆ. ನಾನೂ ಹಾಗೇ ನಂಬಿದ್ದೆ, ಲೆಕ್ಕ ಬರೆಯುವವನಾಗಿದ್ದೂ.

ಈಗ ನನ್ನನ್ನು ಕೇಳಿದರೆ ಅದು ಕಂಪನಿಗೆ ನೀವು ಕೊಟ್ಟ ಕೈಗಡ. ಪತ್ರ ಇಲ್ಲ, ಬಡ್ಡಿ ಇಲ್ಲ, ಅಡವೂ ಇಲ್ಲ. ಕಂಪನಿ ಚೆನ್ನಾಗಿದ್ದಷ್ಟು ದಿನ ಇದು ತಲೆಗೇ ಬರುವುದಿಲ್ಲ. ಕೈಗಡ ತೆಗೆದುಕೊಂಡವನ ಮನೆಯಲ್ಲೇ ಒಲೆ ಉರಿಯುತ್ತಿಲ್ಲ ಅಂದಾಗ ನಮಗೆ ಎದೆ ಧಸಕ್ಕೆನ್ನುತ್ತದೆ.

ನಿಮ್ಮ ಪಿಎಫ್ ಎಲ್ಲಿದೆ ಯೋಚಿಸಿ. ಕಂಪನಿ ಕಟ್ಟಿದ್ದರೆ ಅದು ಪಿಎಫ್ ಸಂಸ್ಥೆಯ ಹತ್ತಿರ ಇದೆ, ಮಾಲೀಕರ ಕೈಗೆ ಸಿಗುವುದಿಲ್ಲ. ಗ್ರಾಚ್ಯುಟಿಗೆ ನಮ್ಮ ರಾಜ್ಯದಲ್ಲಿ 2024ರ ಜನವರಿಯಿಂದ ಕಡ್ಡಾಯ ವಿಮೆಯ ನಿಯಮ ಬಂದಿದೆ. ಮಾಲೀಕರು ಅದಕ್ಕೆ ಪಾಲಿಸಿ ಮಾಡಿಸಿರಬೇಕು. ಮಾಡಿಸಿದ್ದಾರಾ ಅಂತ ಒಮ್ಮೆ ಕೇಳಿ ನೋಡಿ, ಉತ್ತರ ಬರುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಆದರೆ ರಜೆಯ ದುಡ್ಡು? ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಸಾಲು, ಅಷ್ಟೇ. "ಇಷ್ಟು ಕೊಡಬೇಕಾಗಬಹುದು" ಅಂತ ಬರೆದಿಟ್ಟಿರುತ್ತಾರೆ. ಬರೆದಿಟ್ಟ ಮಾತ್ರಕ್ಕೆ ದುಡ್ಡು ಎತ್ತಿಟ್ಟಿದ್ದಾರೆ ಅಂತಲ್ಲ. ಕೆಲವು ಕಂಪನಿಗಳು ಎಲ್‌ಐಸಿಯ ಗುಂಪು ಯೋಜನೆಯಲ್ಲಿ ಇದಕ್ಕೂ ಹಣ ಕಟ್ಟುತ್ತವೆ. ಹಾಗೆ ಕಟ್ಟುವ ಕಂಪನಿಗಳು ಸಾಮಾನ್ಯವಾಗಿ ಕಷ್ಟಕ್ಕೆ ಬೀಳುವ ಪೈಕಿಯಲ್ಲ, ಅದೇ ತಮಾಷೆ.

ಕಾನೂನು ಏನು ಹೇಳುತ್ತದೆ, ಬೇಗ ಹೇಳಿಬಿಡುತ್ತೇನೆ. ನಾನು ದುಡಿದ ಕಾಲಕ್ಕೆ 1948ರ ಕಾರ್ಖಾನೆ ಕಾಯ್ದೆ. ವರ್ಷಕ್ಕೆ 240 ದಿನ ದುಡಿದರೆ, ಪ್ರತಿ 20 ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ. ಮುಂದಿನ ವರ್ಷಕ್ಕೆ ಎಳೆದುಕೊಂಡು ಹೋಗಬಹುದಾದದ್ದು 30 ದಿನ. 2025ರ ನವೆಂಬರ್ 21ರಿಂದ ಹಳೆ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ 240 ಹೋಗಿ 180 ಆಯಿತು. 20ಕ್ಕೆ ಒಂದು ಅನ್ನುವುದು ಹಾಗೇ ಇದೆ, 30ರ ಮಿತಿಯೂ ಇದೆ. ವರ್ಷದ ಕೊನೆಗೆ 30ಕ್ಕಿಂತ ಜಾಸ್ತಿ ಇದ್ದದ್ದನ್ನು ದುಡ್ಡು ಮಾಡಿಸಿಕೊಳ್ಳಬಹುದು ಅನ್ನುವುದು ಹೊಸದು. ಅಂಗಡಿ, ಆಫೀಸು, ಸಾಫ್ಟ್‌ವೇರ್ ಕಂಪನಿ ಅಂದರೆ ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅಲ್ಲೂ 20ಕ್ಕೆ ಒಂದು. ಕೂಡಿಡುವ ಮಿತಿ ಮಾತ್ರ ಮೊದಲು 30 ಇದ್ದದ್ದು ಈಗ 45.

ಒಂದು ಮಾತು ಗಮನಿಸಿ. ಇದು ಇಎಲ್‌ಗೆ ಮಾತ್ರ, ಕೆಲವು ಕಡೆ ಅದನ್ನೇ ಪಿಎಲ್ ಅಂತಾರೆ. ಸಿಎಲ್ (ಸಾಂದರ್ಭಿಕ ರಜೆ), ಎಸ್‌ಎಲ್ (ಕಾಯಿಲೆ ರಜೆ) ಉಳಿದರೆ ಅದಕ್ಕೆ ದುಡ್ಡು ಕೊಡಬೇಕು ಅಂತ ಕಾನೂನು ಹೇಳುವುದಿಲ್ಲ. ಕಂಪನಿಯ ಪಾಲಿಸಿಯಲ್ಲಿ ಬರೆದಿದ್ದರೆ ಬೇರೆ ಮಾತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವರ್ಷದ ನಡುವೆ ರಾಜೀನಾಮೆ ಕೊಟ್ಟರೆ ಆ ವರ್ಷ 240 ಅಥವಾ ಈಗಿನ 180 ದಿನ ಆಗಿರುವುದಿಲ್ಲ, ಅಲ್ವಾ? "ನಿನಗೆ ಈ ವರ್ಷದ್ದು ಬರಲ್ಲ" ಅಂತ ಹೇಳಿ ಕಳಿಸಿಬಿಡುತ್ತಾರೆ. ಸುಳ್ಳು. ಕೆಲಸ ಬಿಟ್ಟವರಿಗೆ, ತೆಗೆದುಹಾಕಿಸಿಕೊಂಡವರಿಗೆ, ತೀರಿಹೋದವರ ಮನೆಯವರಿಗೆ, ದುಡಿದಷ್ಟಕ್ಕೆ ಲೆಕ್ಕ ಹಾಕಿ ಕೊಡಬೇಕು. ಹಳೆ ಕಾಯ್ದೆಯಲ್ಲೂ ಹಾಗೇ ಇತ್ತು. 170 ದಿನ ದುಡಿದಿದ್ದರೆ ಎಂಟೂವರೆ. ಅರ್ಧ ದಿನವನ್ನು ಪೂರ್ತಿ ದಿನ ಅಂತ ಹಿಡಿಯಬೇಕು. ಅಂದರೆ ಒಂಬತ್ತು.

ಈಗ ದರಕ್ಕೆ ಬರೋಣ. ಟೈಮ್ ಆಫೀಸಿನಲ್ಲಿ ಕೂತವನಾಗಿ ಹೇಳುತ್ತೇನೆ, ಅತಿ ಹೆಚ್ಚು ದುಡ್ಡು ಸೋರುವುದು ಇಲ್ಲೇ. ದಿನಗಳ ಲೆಕ್ಕದಲ್ಲಿ ಮೋಸ ಕಮ್ಮಿ, ಕಾರ್ಡು ನಿಮ್ಮ ಕಣ್ಣೆದುರೇ ಇರುತ್ತದೆ. ದಿನಕ್ಕೆ ಎಷ್ಟು ರೂಪಾಯಿ ಅನ್ನುವುದು ಮಾತ್ರ ಯಾರಿಗೂ ಕಾಣುವುದಿಲ್ಲ.

ಒಬ್ಬ ಕಾರ್ಮಿಕನ ಬೇಸಿಕ್ 12,000. ಡಿಎ, ಇತರ ಭತ್ಯೆ ಎಲ್ಲ ಸೇರಿ ತಿಂಗಳಿಗೆ 26,000. ಬಾಕಿ ರಜೆ 38 ದಿನ. ಅಕೌಂಟ್ಸ್‌ನವರು ಬೇಸಿಕ್ ಹಿಡಿದು 30ರಿಂದ ಭಾಗಿಸುತ್ತಾರೆ. ದಿನಕ್ಕೆ 400. ಗುಣಿಸಿದರೆ 15,200. ಕಾರ್ಖಾನೆ ಕಾಯ್ದೆ ಹೇಳಿದ್ದು ಹಾಗಲ್ಲ. ಹಿಂದಿನ ತಿಂಗಳು ನಿಜವಾಗಿ ದುಡಿದ ದಿನಗಳ ಪೂರ್ತಿ ಗಳಿಕೆಯ ಸರಾಸರಿ. ಓಟಿ, ಬೋನಸ್ ಬಿಟ್ಟು. 26 ದಿನ ದುಡಿದಿದ್ದಾನೆ ಅಂದರೆ ದಿನಕ್ಕೆ 1,000. 38 ದಿನಕ್ಕೆ 38,000. ಒಂದೇ ಕಾರ್ಡು, ಒಂದೇ ಮನುಷ್ಯ, ಭಾಗಾಕಾರ ಬೇರೆಯಾದದ್ದಕ್ಕೆ 22,800 ರೂಪಾಯಿ ವ್ಯತ್ಯಾಸ.

ಈ ಬೇಸಿಕ್‌ ಲೆಕ್ಕ ಯಾಕೆ ಬಂತು ಅಂತ ನಮ್ಮ ಅಕೌಂಟ್ಸ್ ಮ್ಯಾನೇಜರರನ್ನು ಒಮ್ಮೆ ಕೇಳಿದ್ದೆ. "ಮೊದಲಿಂದ ಹಂಗೇ ಮಾಡ್ತಿದೀವಲ್ಲಪ್ಪಾ" ಅಂದರು. ಬೇರೆ ಕಾರಣ ಇರಲಿಲ್ಲ.

ಇನ್ನು ನನ್ನ ಕಥೆ. ಕಂಪನಿ ಕುಂಟುವುದು ಮೊದಲು ಗೊತ್ತಾಗುವುದು ಮೀಟಿಂಗಿನಲ್ಲಿ ಅಲ್ಲ, ಕ್ಯಾಂಟೀನಿನಲ್ಲಿ. ಮೊದಲು ಉಪ್ಪಿಟ್ಟಿನಲ್ಲಿ ಬಟಾಣಿ ಮಾಯವಾಯಿತು. ಆಮೇಲೆ ಎರಡು ಹೊತ್ತಿನ ಟೀ ಒಂದು ಹೊತ್ತಾಯಿತು. ಟೂಲ್ಸ್ ಕೊಡುತ್ತಿದ್ದವರು ಸಾಲಕ್ಕೆ ಕೊಡುವುದು ನಿಲ್ಲಿಸಿ ನಗದು ಕೇಳಿದರು. 7ನೇ ತಾರೀಕು ಬರುತ್ತಿದ್ದ ಸಂಬಳ 10ಕ್ಕೆ ಬಂತು, 18ಕ್ಕೆ ಬಂತು, ಆಮೇಲೆ ಎರಡು ಕಂತಾಯಿತು. ಈಗ ನಿಮಗೆ ಇನ್ನೂ ಒಳ್ಳೆ ಸಾಧನ ಇದೆ. ಪಿಎಫ್ ಪಾಸ್‌ಬುಕ್ ಫೋನಿನಲ್ಲೇ ನೋಡಬಹುದು. ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳದಿಂದ ಹಿಡಿದುಕೊಂಡೂ ಅಲ್ಲಿ ಎರಡು ತಿಂಗಳು ಖಾಲಿ ಇದ್ದರೆ, ನಿಮ್ಮ ಕೈಗಡದ ಗತಿಯೂ ಅಷ್ಟೇ ಅಂತ ತಿಳಿಯಿರಿ.

2014ರ ಆಗಸ್ಟ್‌ನಲ್ಲಿ ನಾನು ರಾಜೀನಾಮೆ ಕೊಟ್ಟೆ. ನನ್ನ ಕಾರ್ಡಿನಲ್ಲಿ 41 ದಿನ. ಹಿಂದಿನಿಂದ ಬಂದದ್ದು 30, ಆ ವರ್ಷ ದುಡಿದದ್ದಕ್ಕೆ 11. ಅಕೌಂಟ್ಸ್ ಲೆಕ್ಕ ದಿನಕ್ಕೆ 430, ಒಟ್ಟು 17,630. ನನ್ನ ಲೆಕ್ಕ ದಿನಕ್ಕೆ 980, ಒಟ್ಟು 40,180. ಬೇರೆಯವರ ಲೆಕ್ಕ ಅಷ್ಟು ವರ್ಷ ಬರೆದವನು ನಾನೇ, ಆದರೆ ಬೇಸಿಕ್ ದರದ ಬಗ್ಗೆ ಅಲ್ಲಿಯವರೆಗೆ ಬಾಯಿಬಿಟ್ಟಿರಲಿಲ್ಲ. ಅದಕ್ಕೆ ಈಗಲೂ ನಾಚಿಕೆ ಇದೆ. ನನ್ನದೇ ದುಡ್ಡು ಅಂದಾಗ ಕಾಯ್ದೆ ಪುಸ್ತಕ ತೆಗೆದೆ. ಎರಡು ವಾರ ವಾದ ಆಯಿತು. ಕೊನೆಗೆ ನನ್ನ ಲೆಕ್ಕ ಒಪ್ಪಿದರು. ನಾನು ಗೆದ್ದೆ ಅಂದುಕೊಂಡೆ.

ಒಪ್ಪುವುದು ಸುಲಭ. ಕೊಡುವುದಕ್ಕೆ ದುಡ್ಡು ಬೇಕಲ್ಲ! ಮೊದಲು 10,000ದ ಚೆಕ್ಕು ಬಂತು, ಪಾಸಾಯಿತು. ಎರಡನೇ 10,000ದ ಚೆಕ್ಕು ಬೌನ್ಸ್ ಆಯಿತು. ಓಡಾಡಿ ಅದನ್ನು ನಗದಾಗಿ ತಂದೆ. ಉಳಿದ 20,180ಕ್ಕೆ "ಮುಂದಿನ ತಿಂಗಳು ನೋಡೋಣ ಸಾರ್". ಮುಂದಿನ ತಿಂಗಳು ಅನ್ನುವುದು ಬರಲೇ ಇಲ್ಲ. ಯಾಕೆ ಅಂತ ನಾನು ಕೂತು ಯೋಚಿಸಿದ್ದೇನೆ. ಆ ಮ್ಯಾನೇಜರರು ಕೆಟ್ಟವರೇನಲ್ಲ. ಅವರ ಟೇಬಲ್ ಮೇಲೆ ತಿಂಗಳಿಗೆ ಬರುತ್ತಿದ್ದ ದುಡ್ಡು ಕಮ್ಮಿ. ಅದರಲ್ಲಿ ಮೊದಲು ಕರೆಂಟ್ ಬಿಲ್ಲು, ಇಲ್ಲವಾದರೆ ಮಿಷನ್ ನಿಲ್ಲುತ್ತದೆ. ಆಮೇಲೆ ಉಕ್ಕು ಕೊಡುವವನಿಗೆ. ಆಮೇಲೆ ಒಳಗೆ ದುಡಿಯುತ್ತಿರುವವರ ಸಂಬಳ, ಇಲ್ಲವಾದರೆ ಅವರು ಕೈ ಬಿಡುತ್ತಾರೆ. ಗೇಟು ದಾಟಿ ಹೋದವನಿಗೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಅವನು ಮಿಷನ್ ನಿಲ್ಲಿಸಲಾರ. ಸಾಲಿನಲ್ಲಿ ಅವನೇ ಕೊನೆ.

ಇವತ್ತು ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದೇ. ಕಂಪನಿ ಕಷ್ಟದಲ್ಲಿದೆ, ಬಿಡುವ ಯೋಚನೆಯೂ ಇದೆ ಅಂದರೆ, ಉಳಿದ ರಜೆಯನ್ನು ಒಳಗಿರುವಾಗಲೇ ಖರ್ಚು ಮಾಡಿ. ರಜೆಯ ದಿನದ ಸಂಬಳ ತಿಂಗಳ ಸಂಬಳದ ಜೊತೆ ಬರುತ್ತದೆ. ಅದೇ ರಜೆ ಎನ್‌ಕ್ಯಾಶ್‌ಮೆಂಟ್ ಆದರೆ, ಅಂದರೆ ದುಡ್ಡಾಗಿ ಬಂದರೆ, ಕೆಲಸ ಬಿಟ್ಟ ಮೇಲಿನ ಕೊನೆಯ ಲೆಕ್ಕವಾದ ಫುಲ್ ಅಂಡ್ ಫೈನಲ್‌ನಲ್ಲಿ ಬರುತ್ತದೆ. ಮೊದಲನೆಯದು ಒಳಗಿನವರ ಸಾಲು, ಎರಡನೆಯದು ಹೊರಗಿನವರ ಸಾಲು.

ರಜೆ ಕೇಳಿದರೆ ಕೊಡುವುದಿಲ್ಲ ಅಂತೀರಿ. ಗೊತ್ತು. ಕೊಡದಿದ್ದರೂ ಕೇಳಿ. ಬರಹದಲ್ಲಿ ಕೇಳಿ. ಹಳೆ ಕಾಯ್ದೆಯಲ್ಲಿ 15 ದಿನ ಮೊದಲು ಅರ್ಜಿ ಹಾಕಬೇಕಿತ್ತು, ಆ ಅಭ್ಯಾಸ ಇಟ್ಟುಕೊಳ್ಳಿ. ನಿರಾಕರಿಸಿದರೆ ಅದನ್ನೂ ಬರಹದಲ್ಲಿ ಪಡೆಯಿರಿ. ಮೇಲ್ ಆದರೂ ಸಾಕು, ವಾಟ್ಸಾಪ್ ಆದರೂ ಇಟ್ಟುಕೊಳ್ಳಿ. ಯಾಕೆ ಅಂದರೆ, ಕೇಳಿಯೂ ಸಿಗದ ರಜೆಗೆ 30ರ ಮಿತಿ ಇಲ್ಲ. ಅದು ಎಷ್ಟಾದರೂ ಮುಂದಕ್ಕೆ ಹೋಗುತ್ತದೆ. ಹಳೆ ಕಾಯ್ದೆಯಲ್ಲೂ ಹಾಗೆ, ಹೊಸ ಸಂಹಿತೆಯಲ್ಲೂ ಹಾಗೆ. ಹಳೆ ಕಾಯ್ದೆಯಲ್ಲಿ ಕೇಳದೆ ಉಳಿಸಿದ್ದು ಮಿತಿ ಮೀರಿದರೆ ಹೋಯಿತು. ನಮ್ಮ ಲೇತ್ ಸೆಕ್ಷನ್ ಹಿರಿಯರ ಎಷ್ಟು ದಿನ ಹಾಗೆ ಹೋಗಿರಬಹುದು, ಲೆಕ್ಕ ಹಾಕಲು ಮನಸ್ಸು ಬರುವುದಿಲ್ಲ.

ಹಳೆ ಕಾರ್ಖಾನೆ ಕಾಯ್ದೆಯಲ್ಲಿ ಒಂದು ಚೆಂದದ ಸಾಲು ಇತ್ತು. ನಾಲ್ಕು ದಿನ ಅಥವಾ ಅದಕ್ಕಿಂತ ಜಾಸ್ತಿ ರಜೆ ಮಂಜೂರಾದರೆ, ಆ ರಜೆಯ ಸಂಬಳವನ್ನು ರಜೆ ಶುರುವಾಗುವ ಮೊದಲೇ ಕೊಡಬೇಕು! ಊರಿಗೆ ಹೋಗುವವನ ಕೈಯಲ್ಲಿ ಕಾಸಿರಲಿ ಅಂತ. 19 ವರ್ಷದಲ್ಲಿ ಅದನ್ನು ಕೇಳಿದವರು ಒಬ್ಬರೂ ಇಲ್ಲ. ಕೊಟ್ಟವರನ್ನೂ ನೋಡಿಲ್ಲ.

ನೋಟಿಸ್ ಪೀರಿಯಡ್ ವಿಷಯ. ಎರಡು ತಿಂಗಳು ನೋಟಿಸ್ ಅಂತ ಆಫರ್ ಲೆಟರಿನಲ್ಲಿ ಇರುತ್ತದೆ. ನಿಮ್ಮ ಬಳಿ 25 ದಿನ ರಜೆ ಇದೆ. ಅದನ್ನು ನೋಟಿಸ್‌ಗೆ ಹೊಂದಿಸಿಕೊಳ್ಳಿ ಅಂತ ಕೇಳಿ. ಕೊಡಲೇಬೇಕು ಅಂತಿಲ್ಲ, ಇಬ್ಬರೂ ಒಪ್ಪಿದರೆ ಆಗುತ್ತದೆ. ಕಷ್ಟದಲ್ಲಿರುವ ಕಂಪನಿ ಬಹಳ ಸಲ ಒಪ್ಪುತ್ತದೆ, ಅವರಿಗೆ ಕೈಯಿಂದ ಕೊಡುವ ದುಡ್ಡು ಉಳಿಯುತ್ತದಲ್ಲ. ಚೆನ್ನಾಗಿರುವ ಕಂಪನಿಯಲ್ಲಿ ಇದು ನಷ್ಟದ ವ್ಯಾಪಾರ, ಎನ್‌ಕ್ಯಾಶ್ ಮಾಡಿಸಿಕೊಳ್ಳುವುದೇ ಮೇಲು. ಮುಳುಗುವ ಕಂಪನಿಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಂಪನಿಯೇ ನಿಮ್ಮನ್ನು ತೆಗೆಯುತ್ತಿದ್ದರೆ ಲೆಕ್ಕ ಬೇರೆ. ಆಗ ನಿಮ್ಮ ಬಾಕಿ ರಜೆಯನ್ನು ಅವರು ಕೊಡಬೇಕಾದ ನೋಟಿಸ್ ಒಳಗೆ ತುರುಕುವಂತಿಲ್ಲ ಅಂತ ಕಾರ್ಖಾನೆ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು.

ಇಲ್ಲಿ ಒಂದು ಎಚ್ಚರಿಕೆ. "ಅಣ್ಣಾ, ಹಂಗಾದ್ರೆ ಈವತ್ತೇ ರಾಜೀನಾಮೆ ಬರ್ಕೊಡ್ಲಾ?" ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ತಡಿಯಪ್ಪಾ ಅಂದೆ. ಕಾರ್ಖಾನೆ ಮುಚ್ಚಿದರೆ ಕಾರ್ಮಿಕರಿಗೆ ಪರಿಹಾರ ಇದೆ. ಪೂರ್ತಿಯಾದ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ. ತಾನಾಗಿ ರಾಜೀನಾಮೆ ಕೊಟ್ಟವನಿಗೆ ಅದು ಸಿಗುವುದಿಲ್ಲ. "ನಮಗೆ ನಷ್ಟ ಆಗಿದೆ, ಅದಕ್ಕೇ ಮುಚ್ಚುತ್ತಿದ್ದೇವೆ, ಹಾಗಾಗಿ ಪೂರ್ತಿ ಪರಿಹಾರ ಕೊಡಲಾಗದು" ಅನ್ನುವ ಮಾತು ನಡೆಯುವುದಿಲ್ಲ. ಬರೀ ಹಣದ ಮುಗ್ಗಟ್ಟನ್ನು ತಪ್ಪಿಸಲಾಗದ ಕಾರಣ ಅಂತ ಕಾನೂನು ಒಪ್ಪುವುದಿಲ್ಲ. ಅಂದರೆ 20 ವರ್ಷ ಸೇವೆ ಆದವರು 38 ದಿನದ ರಜೆ ದುಡ್ಡಿಗೆ ಅವಸರ ಪಟ್ಟು 300 ದಿನದ ಪರಿಹಾರ ಕಳೆದುಕೊಳ್ಳಬಹುದು. ಮೂರು ವರ್ಷ ಸೇವೆ ಆದ ಹುಡುಗನಿಗೆ ಆ ನಷ್ಟ ಚಿಕ್ಕದು, ಹೊಸ ಕೆಲಸ ಸಿಕ್ಕಿದ್ದರೆ ಹೋಗಲಿ. ನನಗೆ 19 ವರ್ಷ ಸೇವೆ ಆಗಿತ್ತು. ನಾನು ಅವಸರ ಪಟ್ಟವರ ಪೈಕಿ.

ಹಾಗಂತ ಮುಚ್ಚುವವರೆಗೆ ಕೂತವರಿಗೆ ಎಲ್ಲ ಸಿಗುತ್ತದೆ ಅಂತಲೂ ಅಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ ನಮ್ಮ ಬೆಂಗಳೂರಿನದೇ. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಅಷ್ಟು ಹೊತ್ತಿಗೇ ತಿಂಗಳುಗಟ್ಟಲೆ ಸಂಬಳ ಬಾಕಿ. ಕಂಪನಿಯನ್ನು ಮುಚ್ಚಿ ಆಸ್ತಿ ಇತ್ಯರ್ಥ ಮಾಡಿ ಅಂತ ಕರ್ನಾಟಕ ಹೈಕೋರ್ಟ್ ಆದೇಶ ಕೊಟ್ಟದ್ದು 2016ರ ನವೆಂಬರ್‌ನಲ್ಲಿ. ನಾಲ್ಕು ವರ್ಷ. ಸರ್ಕಾರಿ ಕಂಪನಿಯಾದರೆ ಬೇರೆ. ನನ್ನ ಕೈಯಲ್ಲಿರುವ ಈ ಎಚ್‌ಎಂಟಿ ವಾಚು ಇದೆಯಲ್ಲ, ಇದನ್ನು ಮಾಡಿದ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ತೀರ್ಮಾನಿಸಿತು. ಅಲ್ಲಿನ ನೌಕರರಿಗೆ 2007ರ ವೇತನ ಶ್ರೇಣಿಯನ್ನು ಆಧಾರವಾಗಿಟ್ಟು ಸ್ವಯಂ ನಿವೃತ್ತಿ ಯೋಜನೆ ಕೊಟ್ಟರು. ಹಿಂದೆ ಸರ್ಕಾರದ ಖಜಾನೆ ಇತ್ತು. ಪೀಣ್ಯದ ಶೆಡ್ಡಿನ ಹಿಂದೆ ಏನಿರುತ್ತದೆ?

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಕಂಪನಿ ದಿವಾಳಿಯಾದರೆ ಬಾಕಿ ರಜೆಗೆ ಆರು ವಾರದವರೆಗೆ, ಬಾಕಿ ಸಂಬಳಕ್ಕೆ ಎಂಟು ವಾರದವರೆಗೆ ಸರ್ಕಾರದ ವಿಮಾ ನಿಧಿಯೇ ಕೊಡುತ್ತದೆ, ಒಂದು ಮಿತಿಯೊಳಗೆ. ನಮ್ಮಲ್ಲಿ ಅಂಥ ನಿಧಿ ಇಲ್ಲ. ಅದಕ್ಕೇ ನಮಗೆ ಕಾಗದದ ಆಸರೆ ಜಾಸ್ತಿ ಬೇಕು.

ಕಾಗದ ಅಂದೆ. ನನಗೆ ಕಾರ್ಡು ಇತ್ತು. ನಿಮಗೆ ಪೋರ್ಟಲ್ ಇದೆ. ಪೋರ್ಟಲ್ ನಿಮ್ಮ ಕಂಪನಿಯದಲ್ಲ, ಬೇರೆ ಯಾರದೋ ಬಾಡಿಗೆ ಸಾಫ್ಟ್‌ವೇರ್. ಬಾಡಿಗೆ ಕಟ್ಟದಿದ್ದರೆ ಒಂದು ಬೆಳಗ್ಗೆ ಅದು ತೆರೆಯುವುದೇ ಇಲ್ಲ. ಕೊನೆಯ ದಿನ ಸಂಜೆ ಆರಕ್ಕೆ ನಿಮ್ಮ ಆಫೀಸ್ ಮೇಲ್ ಕೂಡ ಬಂದ್. ಆದ್ದರಿಂದ ರಾಜೀನಾಮೆ ಬರೆಯುವ ಮೊದಲೇ ರಜೆ ಬ್ಯಾಲೆನ್ಸಿನ ಪುಟವನ್ನು ತಾರೀಕು ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ. ಪೇಸ್ಲಿಪ್, ನೇಮಕಾತಿ ಪತ್ರ, ರಜೆ ಪಾಲಿಸಿ ಇವಿಷ್ಟನ್ನು ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ರಾಜೀನಾಮೆ ಪತ್ರದಲ್ಲೇ ಒಂದು ಸಾಲು ಸೇರಿಸಿ: "ಈ ದಿನಕ್ಕೆ ನನ್ನ ಬಾಕಿ ಗಳಿಕೆ ರಜೆ ಇಷ್ಟು ದಿನ." ಅವರು ರಾಜೀನಾಮೆ ಸ್ವೀಕರಿಸಿದರೆ ಆ ಸಾಲನ್ನೂ ಓದಿದ್ದಾರೆ ಅಂತಾಯಿತು.

ಇನ್ನು ಆ ಕಾಗದ. ಎಲ್ಲ ಬಾಕಿ ತೀರಿದೆ, ಇನ್ನು ನನ್ನದೇನೂ ಇಲ್ಲ ಅಂತ ಸಹಿ ಹಾಕಿಸಿಕೊಳ್ಳುವುದು. "ಸಹಿ ಹಾಕಿ ಮೇಡಂ, ಆಮೇಲೆ ದುಡ್ಡು ಪ್ರೋಸೆಸ್ ಆಗುತ್ತೆ" ಅಂತಾರೆ. ರಿಲೀವಿಂಗ್ ಲೆಟರ್ ಬೇಕಲ್ಲ ಅಂತ ಹಾಕಿಬಿಡುತ್ತೀರಿ. ಹಾಕಲೇಬೇಕಾದರೆ ಸಹಿಯ ಮೇಲೆ ಕೈಬರಹದಲ್ಲಿ "ರಜೆ ಹಣ ಇಷ್ಟು ರೂಪಾಯಿ ಇನ್ನೂ ಬಂದಿಲ್ಲ" ಅಂತ ಬರೆದು, ಫೋಟೋ ತೆಗೆದುಕೊಂಡು ಕೊಡಿ. ಮುಂದಿನ ತಾರೀಕಿನ ಚೆಕ್ಕು ಕೊಟ್ಟರೆ ತೆಗೆದುಕೊಳ್ಳಿ. ಬರೀ ಮಾತಿಗಿಂತ ಚೆಕ್ಕು ಮೇಲು. ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ಅವರಿಗೆ 15 ದಿನ ಗಡುವು. ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಈ ತಾರೀಕುಗಳು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ 10,000ಕ್ಕೆ ಅಷ್ಟು ಚಪ್ಪಲಿ ಸವೆಸುತ್ತಿರಲಿಲ್ಲ.

ದುಡ್ಡು ಎಷ್ಟು ದಿನದಲ್ಲಿ ಕೊಡಬೇಕು? ಎಚ್‌ಆರ್‌ನವರು 45 ದಿನ ಅಂತಾರೆ. ಅದು ಅವರ ರೂಢಿ. ಆ ನಾಲ್ಕು ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಸಲ್ಲಬೇಕು. ಕಾರ್ಮಿಕರ ರಜೆ ಹಣಕ್ಕೂ ಹೊಸ ಸಂಹಿತೆಯಲ್ಲಿ ಅಷ್ಟೇ ಗಡುವು. ಮ್ಯಾನೇಜರ್‌ಗಳು, ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳದ ಸೂಪರ್‌ವೈಸರ್‌ಗಳು ಈ ರಜೆ ನಿಯಮದ "ಕಾರ್ಮಿಕ" ಅನ್ನುವ ಪದದೊಳಗೆ ಬರುವುದಿಲ್ಲ. ಅಂಥವರಿಗೆ ನೇಮಕಾತಿ ಪತ್ರ, ಕಂಪನಿ ಪಾಲಿಸಿಯೇ ಗತಿ. ಅದಕ್ಕೇ ಪಾಲಿಸಿಯ ಪ್ರತಿ ಇಟ್ಟುಕೊಳ್ಳಿ ಅಂದದ್ದು.

ಕೊಡದಿದ್ದರೆ ಕಾರ್ಮಿಕ ಇಲಾಖೆ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಗೊತ್ತಿರಬೇಕು. ವೇತನ ಸಂಹಿತೆಯಲ್ಲಿ ಕ್ಲೇಮ್ ಹಾಕಲು ಮೂರು ವರ್ಷ ಅವಕಾಶ ಇದೆ. ಹಳೆ ವೇತನ ಪಾವತಿ ಕಾಯ್ದೆಯಲ್ಲಿ ಒಂದೇ ವರ್ಷ ಇತ್ತು. ಬಾಕಿಯ ಜೊತೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅಧಿಕಾರಿಗೆ ಇದೆ. ಆದರೆ ಮೂರು ವರ್ಷ ಇದೆ ಅಂತ ಕೂರಬೇಡಿ. ನಿಮಗೆ ಮೂರು ವರ್ಷ ಇರಬಹುದು, ಕಂಪನಿಗೆ ಇರಲಿಕ್ಕಿಲ್ಲ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು ಅಂದುಕೊಳ್ಳಿ. ಕಂಪನಿ ನ್ಯಾಯಮಂಡಳಿ ಅರ್ಜಿ ಸ್ವೀಕರಿಸಿದ ದಿನವೇ ಎಲ್ಲ ದಾವೆಗೂ ತಡೆ ಬೀಳುತ್ತದೆ. ಕಾರ್ಮಿಕ ಇಲಾಖೆಗೆ ಓಡಾಡಿ ಪ್ರಯೋಜನ ಇಲ್ಲ. ಕಂಪನಿಯನ್ನು ನೋಡಿಕೊಳ್ಳಲು ನೇಮಕವಾದ ಒಬ್ಬ ರೆಸಲ್ಯೂಷನ್ ಪ್ರೊಫೆಷನಲ್ ಬಂದು ಕೂರುತ್ತಾರೆ. ಅವರು ಒಂದು ಇಂಗ್ಲಿಷ್ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಕಂಪನಿ ಬಿಟ್ಟು ಹೋದವರು ಆ ಪ್ರಕಟಣೆ ನೋಡುವುದೇ ಇಲ್ಲ! ಹಳೆ ಸಹೋದ್ಯೋಗಿಗಳ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಬರಬೇಡಿ, ಗುಡ್ ಮಾರ್ನಿಂಗ್ ಹೂವು ಎಷ್ಟೇ ಬಂದರೂ ಸಹಿಸಿಕೊಳ್ಳಿ. ನೌಕರರು ಕ್ಲೇಮ್ ಹಾಕುವುದು ಫಾರ್ಮ್ ಡಿಯಲ್ಲಿ. ಕಾರ್ಮಿಕರು ಎಲ್ಲರೂ ಸೇರಿ ಒಬ್ಬ ಪ್ರತಿನಿಧಿಯ ಮೂಲಕ ಫಾರ್ಮ್ ಇಯಲ್ಲಿ ಹಾಕಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಕ್ಲೇಮಿನಲ್ಲಿ ರಜೆ ಹಣವನ್ನು ಬೇರೆ ಸಾಲಾಗಿ ಬರೆಯಿರಿ. ಕಾರ್ಮಿಕರ ಬಾಕಿ ಅಂದರೆ ಏನೇನು ಅಂತ ಕಂಪನಿ ಕಾಯ್ದೆಯಲ್ಲಿ ವಿವರ ಇದೆ. ಉಳಿದ ರಜೆಯ ಹಣ ಅಲ್ಲಿ ಹೆಸರು ಹೇಳಿಯೇ ಸೇರಿದೆ.

ಆಸ್ತಿ ಮಾರಿ ಹಂಚುವ ಹಂತ ಬಂದರೆ ಸಾಲು ಹೀಗಿರುತ್ತದೆ. ಮೊದಲು ಆ ಪ್ರಕ್ರಿಯೆಯದೇ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅಡವಿಟ್ಟುಕೊಂಡ ಬ್ಯಾಂಕುಗಳ ಜೊತೆ ಸರಿಸಮ. ಅದರ ನಂತರ ಇತರ ನೌಕರರ 12 ತಿಂಗಳ ಬಾಕಿ. ಪಿಎಫ್, ಗ್ರಾಚ್ಯುಟಿ ನಿಧಿ ಈ ಸಾಲಿಗೇ ಬರುವುದಿಲ್ಲ, ಪಕ್ಕಕ್ಕೆ ಇಟ್ಟಿರುತ್ತಾರೆ. ರಜೆ ಹಣಕ್ಕೆ ಆ ಭಾಗ್ಯ ಇಲ್ಲ. "ನಾವೇ ಕಂಪನಿಯನ್ನು ನ್ಯಾಯಮಂಡಳಿಗೆ ಎಳೆಯಬಹುದಾ?" ಅಂತ ಕೇಳುತ್ತಾರೆ. 2020ರ ಮಾರ್ಚ್‌ವರೆಗೆ ಒಂದು ಲಕ್ಷ ಬಾಕಿ ಇದ್ದರೆ ಆಗುತ್ತಿತ್ತು. ಈಗ ಒಂದು ಕೋಟಿ. ಒಬ್ಬರ ರಜೆ ಹಣದಿಂದ ಅದು ಆಗದ ಮಾತು.

ತೆರಿಗೆ ಬಗ್ಗೆ ಎರಡೇ ಮಾತು. ಕೆಲಸದಲ್ಲಿರುವಾಗ ರಜೆ ಎನ್‌ಕ್ಯಾಶ್ ಮಾಡಿಸಿದರೆ ಪೂರ್ತಿ ತೆರಿಗೆ. ಕೆಲಸ ಬಿಡುವಾಗ ಬಂದರೆ ವಿನಾಯಿತಿ ಇದೆ, ರಾಜೀನಾಮೆಗೂ ಇದೆ. ಖಾಸಗಿಯವರಿಗೆ ಮಿತಿ 3 ಲಕ್ಷ ಇದ್ದದ್ದು 2023ರ ಏಪ್ರಿಲ್‌ನಿಂದ 25 ಲಕ್ಷ ಆಗಿದೆ. ನಮ್ಮಂಥವರಿಗೆ ಆ ಮಿತಿಯ ಚಿಂತೆ ಬೇಡ.

ಗಾರ್ಮೆಂಟ್ಸ್‌ನಿಂದ ಬಂದಿರುವ ಅಕ್ಕ ಒಬ್ಬರು ಚೀಟಿ ಕಳಿಸಿದ್ದಾರೆ. "ಆರ್ಡರ್ ಇಲ್ಲ ಅಂತ ಎರಡು ತಿಂಗಳು ಲೇ-ಆಫ್ ಮಾಡಿದ್ರು. ಅದಕ್ಕೆ ಮುಂಚೆ ಹೆರಿಗೆ ರಜೆಯಲ್ಲಿದ್ದೆ. ನನಗೆ ಇಎಲ್ ಇಲ್ಲವೇ ಇಲ್ಲ ಅಂತಾರೆ." ಇದೆ ಅಕ್ಕಾ. ಕೆಲಸ ಕೊಡದೆ ಮನೆಯಲ್ಲಿ ಕೂರಿಸಿದ ಲೇ-ಆಫ್ ದಿನಗಳು, ಹೆರಿಗೆ ರಜೆಯ ದಿನಗಳು ಆ 240 ಅಥವಾ 180ರ ಲೆಕ್ಕಕ್ಕೆ ಸೇರುತ್ತವೆ. ಹೆರಿಗೆ ರಜೆ ಹಳೆ ಕಾಯ್ದೆಯಲ್ಲಿ 12 ವಾರದವರೆಗೆ ಸೇರುತ್ತಿತ್ತು, ಹೊಸದರಲ್ಲಿ 26 ವಾರದವರೆಗೆ. ಆದರೆ ಆ ದಿನಗಳಿಗೆ ಹೊಸ ರಜೆ ಹುಟ್ಟುವುದಿಲ್ಲ. ನೀವು ನಿಜವಾಗಿ ದುಡಿದ ದಿನಗಳನ್ನು ಮಾತ್ರ 20ರಿಂದ ಭಾಗಿಸಿ. 120 ದಿನ ಹೊಲಿದಿದ್ದರೆ ಆರು ದಿನ. ಜೊತೆಗೆ ಹಿಂದಿನದು ಉಳಿದಿದ್ದರೆ ಅದು. ಹಾಜರಿ ಪಟ್ಟಿಯ ಪ್ರತಿ ಕೇಳಿ, ಸೂಪರ್‌ವೈಸರ್ ಬಾಯಿಮಾತಿಗೆ ಎದ್ದು ಬರಬೇಡಿ.

ಇನ್ನೊಬ್ಬರು ಕೇಳಿದ್ದಾರೆ, ನಿಮ್ಮ 20,180 ಕೊನೆಗೆ ಬಂತಾ ಅಂತ. ಕಂಪನಿ ಮುಚ್ಚಿತು, ಆಸ್ತಿ ಮಾರಿ ಹಂಚುವ ಹೈಕೋರ್ಟಿನ ಲಿಕ್ವಿಡೇಟರ್ ಕೈಗೆ ಹೋಯಿತು. ಕ್ಲೇಮ್ ಹಾಕಿದೆ. ಟೈಮ್ ಆಫೀಸಿನ ಗುಮಾಸ್ತನೂ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕನೇ, ಹಾಗಾಗಿ ಆ ಸಾಲಿನಲ್ಲಿ ಜಾಗ ಸಿಕ್ಕಿತು. ಆರು ವರ್ಷ ಬಿಟ್ಟು 7,400 ರೂಪಾಯಿ ಬಂತು. ಲೇತ್ ಸೆಕ್ಷನ್ನಿನ ಹಿರಿಯರ ಪಾಲನ್ನು ಅವರ ಮಗಳು ಬಂದು ಪಡೆದುಕೊಂಡರು. ಕ್ಲೇಮಿಗೆ ಅವರ ಹತ್ತಿರ ಬೇರೆ ದಾಖಲೆ ಇರಲಿಲ್ಲ, ಅಪ್ಪ ಮನೆಗೆ ತಂದಿಟ್ಟುಕೊಂಡಿದ್ದ ಹಳದಿ ಕಾರ್ಡು ಒಂದೇ ಇತ್ತು. ಅದರ ಮೇಲಿದ್ದ ಕೆಂಪು ಇಂಕು ನನ್ನ ಕೈಬರಹ. ನನ್ನ ಕಾರ್ಡು ಇವತ್ತು ತಂದಿದ್ದೇನೆ, ಹೀಗಿರುತ್ತದೆ ನೋಡಿ. ಹಿಂದಿನ ಸಾಲಿನವರೆಗೂ ದಾಟಿಸಿ, ಆಮೇಲೆ ನನಗೆ ವಾಪಸ್ ಕೊಡಿ.